ಹಾಲು ಕುಡಿಸಿದವಳು ಹೇಳದ ಮಾತು

ಯಾರಾದರೂ ಹೆಸರು ಹಿಡಿದು ಕೂಗಿದರೆ ಸಾಕು, ಯಾಗೂತಾ ಎದ್ದು ನಿಲ್ಲುತ್ತಿದ್ದಳು. ಬಾಯಿಗೆ ಹೋಗುತ್ತಿದ್ದ ತುತ್ತು ತಟ್ಟೆಗೆ ಬೀಳುತ್ತಿತ್ತು. ಕೂಗಿದವರು ಉಪ್ಪು ಕೇಳಿರುತ್ತಿದ್ದರು, ಇಲ್ಲವೇ ಸುಮ್ಮನೆ ಛೇಡಿಸಲು ಕರೆದಿರುತ್ತಿದ್ದರು. ಅವಳ ಕಾಲಿಗೆ ಆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅಂಗಳದ ಹೆಂಗಸರು ಮೊದಮೊದಲು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ಅವರಲ್ಲೂ ಕೆಲವರ ಅಮ್ಮಂದಿರು, ಅಜ್ಜಿಯಂದಿರು ಹಾಗೆ ಎದ್ದು ನಿಂತವರೇ.

ಅದು ಪೆಂದಾ ಎಂಬವಳ ಬಣ್ಣದ ಅಂಗಳ. ನುವಾಕ್‌ಶೋತ್ ಎಂಬ ರಾಜಧಾನಿ ಪಟ್ಟಣದ ಅಂಚಿನಲ್ಲಿ, ಮರಳು ಮನೆಯೊಳಗೆ ನುಗ್ಗದಂತೆ ಹಳೆಯ ಟೈರುಗಳನ್ನು ಹೂತಿದ್ದ ಓಣಿಯಲ್ಲಿತ್ತು. ಹೆಂಗಸರು ತಲೆಯಿಂದ ಪಾದದವರೆಗೆ ಸುತ್ತಿಕೊಳ್ಳುವ ಮೆಲ್ಹಫಾ ಬಟ್ಟೆಗೆ ಬಣ್ಣ ಹಾಕುವುದು ಅಲ್ಲಿಯ ಕೆಲಸ. ಬಿಳಿ ಬಟ್ಟೆಯನ್ನು ಚಿಟಿಕೆ ಚಿಟಿಕೆಯಾಗಿ ಹಿಡಿದು ದಾರ ಸುತ್ತಿ ಬಿಗಿಯಾಗಿ ಗಂಟು ಕಟ್ಟಬೇಕು. ಉಗುರಿನ ಬುಡ ಸೀಳಿ ರಕ್ತ ಬರುತ್ತದೆ. ಆಮೇಲೆ ಕುದಿಯುವ ಬಣ್ಣಕ್ಕೆ ಸೋಡಾ ಸುರಿದು ಅದ್ದಬೇಕು. ಹೊಗೆ ಗಂಟಲು ಕಚ್ಚುತ್ತದೆ. ಕೈಗವಸು ತೂತಾಗಿದ್ದರೆ ಚರ್ಮ ಸುಲಿಯುತ್ತದೆ. ಬಿಸಿ ಬಟ್ಟೆ ಹಿಂಡಿ ಹಿಂಡಿ ರಾತ್ರಿ ರಟ್ಟೆ ಮೇಲೆತ್ತಲಾಗುವುದಿಲ್ಲ. ಆ ಬಟ್ಟೆ ಸುತ್ತಿಕೊಂಡು ಮದುವೆಗೆ ಹೋಗುವ ದೊಡ್ಡ ಮನೆಯ ಹೆಂಗಸರಿಗೆ ಇದೊಂದೂ ಗೊತ್ತಿಲ್ಲ. ಗೊತ್ತಾದರೂ ಅವರಿಗೆ ಏನೂ ಆಗುವುದಿಲ್ಲ.

ಆದರೂ ಯಾಗೂತಾಳಿಗೆ ಈ ಕೆಲಸ ಹಗುರವೆನಿಸುತ್ತಿತ್ತು. ಇಲ್ಲಿ ಸಂಜೆಯಾದರೆ ಕೆಲಸ ಮುಗಿಯುತ್ತಿತ್ತು.

ಅವಳು ಹುಟ್ಟಿದ್ದು ಮೂಡಣ ಸೀಮೆಯ ಹುಲ್ಲುಗಾವಲಿನಲ್ಲಿ, ತುತು ಎಂಬ ಒಡತಿಯ ಡೇರೆಯ ಹೊರಗೆ. ಹೊರಗೆ ಅಂದರೆ ಹೊರಗೇ, ಆಡುಗಳ ಜೊತೆ. ಅವಳ ಅವ್ವ ಹುಟ್ಟಿದ್ದೂ ಅಲ್ಲೇ. ಈ ದೇಶದಲ್ಲಿ ಗುಲಾಮರಿಲ್ಲ ಎಂದು ಕಾನೂನು ಹೇಳುತ್ತದೆ. ಕಾನೂನಿಗೆ ಆ ಡೇರೆಯ ದಾರಿ ಗೊತ್ತಿರಲಿಲ್ಲ. ಯಾಗೂತಾ ಕತ್ತಲಿರುವಾಗಲೇ ಎದ್ದು ಸಜ್ಜೆ ಕುಟ್ಟಿದಳು, ಬಾವಿಯಿಂದ ನೀರು ಎಳೆದಳು, ಆಡು ಕಾದಳು, ಡೇರೆ ಕಿತ್ತಳು, ಡೇರೆ ಹೂಡಿದಳು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಕೆರೆದಳು. ಪಕ್ಕದ ಡೇರೆಯ ಆಡು ಕಾಯುವವನೊಬ್ಬ ಅವಳ ಮಗಳಿಗೆ ಅಪ್ಪನಾದ. ಅವನ ಒಡೆಯರು ಮೇವು ಹುಡುಕಿಕೊಂಡು ಹೋದಾಗ ಅವನೂ ಹೋದ. ಹೋಗಿ ಬರುತ್ತೇನೆ ಎನ್ನಲೂ ಅವನಿಗೆ ಬಿಡುವು ಸಿಗಲಿಲ್ಲ.

ಮಗಳ ಹೆಸರು ತಕ್ಬರಾ. ಅವಳು ಸೊಂಟದೆತ್ತರ ಬೆಳೆದಿದ್ದಾಗ ತುತುಳ ಮಗಳ ಮದುವೆಯಾಯಿತು. ಕಂಬಳಿ, ಚಹಾದ ತಟ್ಟೆ, ಹಿತ್ತಾಳೆ ಕೆಟಲುಗಳ ಜೊತೆಗೆ ತಕ್ಬರಾಳನ್ನೂ ಜೀಪಿನ ಹಿಂಭಾಗಕ್ಕೆ ಹತ್ತಿಸಿ ಪಟ್ಟಣಕ್ಕೆ ಕಳಿಸಿದರು. ಎಲ್ಲಿಗೆ ಎಂದು ಯಾಗೂತಾ ಕೇಳಿದಳು. ಡೇರೆಯ ಗೂಟದಿಂದ ಏಟು ಬಿತ್ತು. ಕಿವಿಯ ಹಿಂದೆ ಆ ಗುರುತು ಇನ್ನೂ ಇದೆ.

ಅವಳು ಮರುದಿನವೇ ಓಡಿದಳು. ಜೀಪಿನ ಚಕ್ರದ ಗುರುತು ಹಿಡಿದು ನಡೆದಳು. ಡಾಂಬರು ರಸ್ತೆ ಸಿಕ್ಕಿತು, ಗುರುತು ಅಳಿಸಿತು. ಮೀನಿನ ಲಾರಿಯವನೊಬ್ಬ ಹತ್ತಿಸಿಕೊಂಡ. ಪಟ್ಟಣದ ಠಾಣೆಯಲ್ಲಿ ಮಗಳನ್ನು ಹುಡುಕಿಕೊಡಿ ಎಂದಾಗ, ಅವಳು ನಿನ್ನ ಮಗಳೆನ್ನಲು ಏನು ಸಾಕ್ಷಿ ಎಂದು ಕೇಳಿದರು. ಹೊಟ್ಟೆ ತೋರಿಸಲೇ ಅನ್ನಿಸಿತು ಅವಳಿಗೆ. ಅಲ್ಲಿದ್ದವನೊಬ್ಬ ಒಡತಿಯ ಮನೆಗೆ ಹಿಂದಿರುಗಿ ಹೋಗು, ಅನ್ನಕ್ಕಾದರೂ ದಾರಿಯಾಗುತ್ತದೆ ಎಂದು ಬುದ್ಧಿ ಹೇಳಿದ.

ಪೆಂದಾ ಅವಳನ್ನು ಮೊದಲು ಕಂಡಿದ್ದು ನಲ್ಲಿಯ ಬಳಿ. ಬೆಳಗ್ಗೆ ನೀರಿಗೆ ಬಂದಾಗ ಒಬ್ಬ ಹೆಂಗಸು ತಗಡಿನ ಡಬ್ಬ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಸಂಜೆ ಮತ್ತೆ ಬಂದಾಗಲೂ ಅಲ್ಲೇ ನಿಂತಿದ್ದಳು, ಡಬ್ಬ ಖಾಲಿ. ಎಲ್ಲರೂ ತುಂಬಿಕೊಂಡ ಮೇಲೆ ತಾನು ಎಂದು ಕಾದಿದ್ದಳು. ಊರಿನ ನಲ್ಲಿಗೆ ಜನ ಮುಗಿಯುವುದುಂಟೇ?

"ಏನೇ ತಾಯಿ, ಗಂಟಲು ಒಣಗಿ ಸಾಯ್ಬೇಕು ಅಂತ ಹರಕೆ ಏನಾದ್ರೂ ಹೊತ್ತಿದ್ದೀಯಾ?" ಎಂದಳು ಪೆಂದಾ. ಡಬ್ಬ ಕಿತ್ತುಕೊಂಡು ತುಂಬಿಸಿ ಕೈಗಿಟ್ಟಳು. ಆಮೇಲೆ ಅಂಗಳಕ್ಕೆ ಕರೆತಂದಳು.

ಪೆಂದಾ ನದಿ ಸೀಮೆಯವಳು. ಸರ್ಕಾರ ಕರಿಯರನ್ನು ಮನೆಗಳಿಂದ ಎಳೆದು ಗಡಿಯ ನದಿ ದಾಟಿಸಿದ ವರ್ಷ ಅವಳನ್ನೂ ದಾಟಿಸಿದ್ದರು. ಬಹಳ ಕಾಲದ ಮೇಲೆ ವಾಪಸು ಬಂದಾಗ ಅವಳ ಮನೆಯ ಒಲೆಯಲ್ಲಿ ಬೇರೆ ಯಾರದೋ ಅಡುಗೆ ಬೇಯುತ್ತಿತ್ತು. ಬಾಗಿಲಲ್ಲಿ ನಿಂತು ಬಾಯಿ ಸೋಲುವವರೆಗೆ ಬೈದು, ಪಟ್ಟಣಕ್ಕೆ ಬಂದು ಈ ಒಲೆ ಹೂಡಿದ್ದಳು. ಈಗಲೂ ಬೈಯುತ್ತಾಳೆ. ಬೈಯದಿದ್ದ ದಿನ ಅವಳಿಗೆ ಜ್ವರ ಬಂದಿದೆ ಎಂದೇ ಅರ್ಥ.

ಅವಳು ಯಾಗೂತಾಳಿಗೆ ಸಮಾಧಾನದ ಮಾತು ಒಂದೂ ಹೇಳಲಿಲ್ಲ. ಗಂಟು ಕಟ್ಟಿದ ಬಟ್ಟೆಯನ್ನು ತಂದಾಗೆಲ್ಲ ಯಾವ ಬಣ್ಣ ಎಂದು ಮಾತ್ರ ಕೇಳುತ್ತಿದ್ದಳು. ನೀನು ಹೇಳಿದ್ದು ಎನ್ನುತ್ತಿದ್ದಳು ಯಾಗೂತಾ. ನಾನು ಹೇಳುವುದಿಲ್ಲ ಎನ್ನುತ್ತಿದ್ದಳು ಪೆಂದಾ. ಬಟ್ಟೆ ಬಿಳಿಯಾಗಿಯೇ ಮೂಲೆ ಸೇರುತ್ತಿತ್ತು. ಮೂಲೆಯಲ್ಲಿ ಬಿಳಿ ಗಂಟುಗಳ ರಾಶಿ ಬೆಳೆಯಿತು. ಉಳಿದ ಹೆಂಗಸರು ಇದೇನು ಹುಚ್ಚು, ಸರಕು ಹಾಳಾಗುತ್ತಿದೆ ಎಂದು ಗೊಣಗಿದರು. ಪೆಂದಾ ಸುಣ್ಣ ಬಳಿದ ಗೋಡೆಯ ಹಾಗೆ ಕೂತಿದ್ದಳು.

ಒಂದು ಬೆಳಗ್ಗೆ ಯಾಗೂತಾ ಹಳದಿ ಎಂದಳು. ಅಂದವಳೇ ಏಟಿಗೆ ಕಾಯುವವಳಂತೆ ತಲೆ ತಗ್ಗಿಸಿದಳು. ಏಟು ಬೀಳಲಿಲ್ಲ. ಹಳದಿ ಕುದಿಯಿತು. ಬಟ್ಟೆ ಒಣಗಿ ಗಂಟು ಬಿಚ್ಚಿದಾಗ ಎಲ್ಲರೂ ನೋಡಿದರು. ಚೆನ್ನಾಗಿರಲಿಲ್ಲ.

"ಕೋಳಿ ಮೇಲಿಂದ ಮೊಟ್ಟೆ ಹಾಕಿದ ಹಾಗಿದೆ," ಎಂದಳು ಪೆಂದಾ. "ಇದನ್ನ ಯಾರೂ ಕೊಳ್ಳಲ್ಲ. ನೀನೇ ಉಡು."

ಯಾಗೂತಾ ನಕ್ಕಳು. ಅವಳಿಗೆ ಕೆಳಗಿನ ಹಲ್ಲೊಂದಿಲ್ಲ ಎಂಬುದು ಅಂಗಳಕ್ಕೆ ತಿಳಿದಿದ್ದು ಅವತ್ತೇ.

ಹೀಗೆ ಒಂದೊಂದೇ ಬಂತು. ಚಾಪೆಯ ಮೇಲೆ ಕೂರುವುದು ಬಂತು. ಮೀನಿನ ತಟ್ಟೆಯಲ್ಲಿ ಒಳ್ಳೆಯ ತುಂಡಿಗೆ ಕೈ ಹಾಕುವುದು ಬಂತು. ನಿದ್ದೆ ಮಾತ್ರ ಬರಲಿಲ್ಲ. ಬಂದರೂ ಒಡೆಯುತ್ತಿತ್ತು. ಪೇಟೆಗೆ ಹೋದಾಗೆಲ್ಲ ಅವಳು ದೊಡ್ಡ ಮನೆಗಳ ಗೇಟಿನೊಳಗೆ ಇಣುಕಿ ನೋಡುತ್ತಿದ್ದಳು. ಕಾವಲಿನವರು ಓಡಿಸುತ್ತಿದ್ದರು. ಮಗಳು ಇದೇ ಊರಿನಲ್ಲಿ ಯಾವುದೋ ಗೋಡೆಯ ಹಿಂದಿದ್ದಾಳೆ. ಊರಿನ ತುಂಬ ಗೋಡೆಗಳಿದ್ದವು.

ಸಂಸ್ಥೆಯೊಂದರಿಂದ ಒಬ್ಬ ಹುಡುಗಿ ಬಂದು ವಾರಕ್ಕೊಮ್ಮೆ ಹೆಂಗಸರನ್ನು ಕೂರಿಸಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿಸಿ ಉಸಿರು ಎಳೆಸುತ್ತಿದ್ದಳು, ಬಿಡಿಸುತ್ತಿದ್ದಳು. ಹುಟ್ಟಿದಾಗಿನಿಂದ ಇದನ್ನೇ ಮಾಡುತ್ತಿದ್ದೇವೆ, ಇದಕ್ಕೂ ಪಾಠವೇ ಎಂದು ಪೆಂದಾ ಹಾಸ್ಯ ಮಾಡುತ್ತಿದ್ದಳು. ಯಾಗೂತಾಳಿಗೆ ಮಾತ್ರ ಅದರಿಂದ ಎದೆ ಕೊಂಚ ಸಡಿಲವಾಗುತ್ತಿತ್ತು. ಹುಡುಗಿ ಒಳ್ಳೆಯವಳು. ನಮಗೆ ನೋವು ಕೊಟ್ಟವರನ್ನು ಕ್ಷಮಿಸಿದರೆ ಇಳಿಯುವುದು ನಮ್ಮದೇ ಭಾರ ಎಂದು ಅವಳು ಹೇಳಿದ್ದನ್ನು ಯಾಗೂತಾ ಬಹಳ ದಿನ ಯೋಚಿಸಿದಳು.

ಆಗಲೇ ಸೀದಾತಿ ಬಂದದ್ದು.

ಅವನ ಕಾರು ಓಣಿಯ ಬಾಯಲ್ಲಿ ಮರಳಿಗೆ ಸಿಕ್ಕಿಕೊಂಡಿತ್ತು. ನಡೆದೇ ಬಂದ. ಗಂಜಿ ಹಾಕಿದ ನೀಲಿ ನಿಲುವಂಗಿ, ಬಿಳಿ ಮುಂಡಾಸು. ಬಣ್ಣದ ಕೊಳದಪ್ಪಲೆಗಳ ನಡುವೆ ಬಟ್ಟೆ ಎತ್ತಿ ಹಿಡಿದು ನಿಂತ. ಯಾಗೂತಾ ಎಂದು ಕರೆದ. ಅವಳು ಎದ್ದು ನಿಂತಳು.

"ಅಮ್ಮಾ, ಗುರುತು ಸಿಗ್ಲಿಲ್ವಾ? ನಾನು ಸೀದಾತಿ. ನಿನ್ನ ಹಾಲು ಕುಡಿದು ಬೆಳೆದೋನು."

"ಕುಡಿದೋರಿಗೆ ನೆನಪು ಚೆನ್ನಾಗಿರುತ್ತೆ ಬಿಡಪ್ಪ," ಎಂದಳು ಪೆಂದಾ ಒಲೆಯ ಕಡೆಯಿಂದ.

ಅವನು ತುತುಳ ಮಗ. ಅವನಿಗೆ ಹಾಲು ಕುಡಿಸಿದವಳು ಯಾಗೂತಾ. ಇಲ್ಲಿ ಹಾಲು ಕುಡಿಸಿದವಳು ತಾಯಿಯೇ. ಸೀದಾತಿ ಚಿಕ್ಕವನಿದ್ದಾಗ ಅವಳನ್ನು ಅಮ್ಮಾ ಎಂದೇ ಕರೆಯುತ್ತಿದ್ದ. ದೊಡ್ಡವನಾಗುತ್ತ ಕರೆಯುವುದು ಬಿಟ್ಟ. ಅವನು ಕೆಟ್ಟವನಲ್ಲ. ಒಮ್ಮೆಯೂ ಅವಳ ಮೇಲೆ ಕೈ ಎತ್ತಿದವನಲ್ಲ. ಬೇರೆಯವರು ಎತ್ತಿದಾಗ ಎದ್ದು ಆಚೆ ಹೋಗುತ್ತಿದ್ದ.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅವನು ವಿಷಯ ಹೇಳಿದ. ತುತು ಸಾಯುತ್ತಿದ್ದಾಳೆ. ಚಿಕಿತ್ಸೆಗೆಂದು ಪಟ್ಟಣದ ಮನೆಗೆ ತಂದಿದ್ದಾರೆ. ವೈದ್ಯರು ಕೈ ಬಿಟ್ಟಿದ್ದಾರೆ. ಆದರೆ ಜೀವ ಹೋಗುತ್ತಿಲ್ಲ, ಉಸಿರು ಗಂಟಲಲ್ಲಿ ನಿಂತಿದೆ. ಇಮಾಮರು ಬಂದು ಯಾರಿಗೆ ಅನ್ಯಾಯವಾಗಿದೆಯೋ ಅವರ ಬಾಯಿಂದ ಮಾಫಿ ಕೇಳಿಸಿಕೊಳ್ಳಿ ಎಂದಿದ್ದಾರೆ. ನೆಂಟರು, ನೆರೆಯವರು, ವ್ಯಾಪಾರದವರು ಎಲ್ಲರೂ ಬಂದು ಹೇಳಿ ಹೋದರು. ಈಗ ಉಳಿದವಳು ಯಾಗೂತಾ. ಅಮ್ಮ ನಿನ್ನ ಹೆಸರನ್ನೇ ಜಪಿಸುತ್ತಿದ್ದಾಳೆ ಎಂದ.

"ನನ್ನ ಮಗಳೆಲ್ಲಿ?" ಎಂದಳು ಯಾಗೂತಾ.

"ಚೆನ್ನಾಗಿದ್ದಾಳಮ್ಮ. ನೀನು ಬಾ, ಆಮೇಲೆ ಎಲ್ಲ ಮಾತಾಡೋಣ."

ನಾಳೆ ಬರುತ್ತೇನೆ ಎಂದು ಕಳಿಸಿದಳು. ಅಂಗಳದಲ್ಲಿ ಅವತ್ತು ಗಂಟು ಕಟ್ಟುವವರಿಗಿಂತ ಮಾತಾಡುವವರೇ ಹೆಚ್ಚಾದರು. ಸಾಯುವವರ ಹತ್ತಿರ ಹಟ ಬೇಡ ಎಂದಳೊಬ್ಬಳು. ಮಾಫಿ ಮಾಡಿದವರಿಗೆ ದೇವರು ದೊಡ್ಡ ಜಾಗ ಇಟ್ಟಿದ್ದಾನೆ ಎಂದಳು ಇನ್ನೊಬ್ಬಳು. ಇಲ್ಲಿ ಚಾಪೆಯಷ್ಟೂ ಜಾಗ ಇಡಲಿಲ್ಲವಲ್ಲ ಎಂದಳು ಮತ್ತೊಬ್ಬಳು. ಹೇಳಿಬಿಟ್ಟರೆ ಅವರ ಮನಸ್ಸು ಕರಗಿ ಮಗಳನ್ನು ಕೊಟ್ಟಾರು ಎಂದೂ ಮಾತು ಬಂತು. ಪೆಂದಾ ಬಣ್ಣ ಕಲಕುತ್ತಿದ್ದಳು. ಯಾಗೂತಾ ಅವಳನ್ನೇ ನೋಡಿದಳು.

"ನನ್ನ ಮುಖ ಏನು ನೋಡ್ತೀಯ? ಬಾಯಿ ನಿನ್ನದು," ಎಂದಳು ಪೆಂದಾ.

ಯಾಗೂತಾ ಮಾಫಿ ಹೇಳುವುದೆಂದೇ ನಿಶ್ಚಯಿಸಿದಳು. ಅವಳಿಗೆ ನಿದ್ದೆ ಬೇಕಿತ್ತು. ಮಗಳು ಬೇಕಿತ್ತು. ಒಂದು ಮಾತಿಗೆ ಎರಡೂ ಸಿಗುವುದಾದರೆ ಆ ಮಾತು ಹೇಳಿ ಮುಗಿಸೋಣ ಅನ್ನಿಸಿತು. ಮರುದಿನ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹಳದಿ ಮೆಲ್ಹಫಾ ಸುತ್ತಿಕೊಂಡು ಸೀದಾತಿಯ ಕಾರು ಹತ್ತಿದಳು.

ದೊಡ್ಡ ಮನೆ. ಗೇಟು ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಈ ಗೇಟಿನಲ್ಲೂ ಒಮ್ಮೆ ಇಣುಕಿದ್ದಳು. ಕಾವಲಿನವನು ಮರಳು ಎರಚಿದ್ದ. ಇವತ್ತು ಅವನೇ ಬಾಗಿಲು ತೆರೆದ.

ಕೋಣೆಯಲ್ಲಿ ಜಮಖಾನದ ಮೇಲೆ ನೆಂಟರು ದಿಂಬಿಗೆ ಒರಗಿದ್ದರು. ಇಮಾಮರು ಜಪಮಣಿ ಎಣಿಸುತ್ತಿದ್ದರು. ನಡುವೆ ಹಾಸಿಗೆಯಲ್ಲಿ ತುತು. ಹಿಂದೆ ಡೇರೆ ತುಂಬುವಷ್ಟು ಮೈಯಿದ್ದ ಹೆಂಗಸು ಈಗ ಕಂಬಳಿಯ ಮಡಿಕೆಯ ಹಾಗೆ ಬಿದ್ದಿದ್ದಳು. ಬಾಗಿಲಲ್ಲಿ ಚಪ್ಪಲಿಗಳ ಸಾಲಿತ್ತು. ಯಾಗೂತಾಳ ಮಂಡಿ ಅಲ್ಲೇ, ಚಪ್ಪಲಿಗಳ ಪಕ್ಕದಲ್ಲೇ ಮಡಿಚತೊಡಗಿತು. ಅವಳು ಮಂಡಿಯನ್ನು ಮನಸ್ಸಿನಲ್ಲೇ ಬೈದು, ಮುಂದೆ ಹೋಗಿ ಜಮಖಾನದ ಮೇಲೆ ಕೂತಳು. ಪಕ್ಕದಲ್ಲಿದ್ದ ಹೆಂಗಸು ತನ್ನ ಸೆರಗು ಎಳೆದುಕೊಂಡಳು.

ಚಹಾ ಬಂತು. ತಟ್ಟೆ ಹಿಡಿದು ಬಂದ ಹುಡುಗಿಯ ಪಾದ ಮೊದಲು ಕಂಡಿತು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಯಾಗೂತಾ ತಲೆ ಎತ್ತಿದಳು.

ಮದುವೆಯ ಜೀಪಿನಲ್ಲಿ ಹೋಗಿದ್ದ ತಕ್ಬರಾ ಈ ಮನೆಯಲ್ಲೇ ಇದ್ದಳು, ಬೆಳೆದಿದ್ದಳು. ಮುಖ ಬತ್ತಿತ್ತು. ಕೈಯ ಮೇಲೆ ಸುಟ್ಟ ಕಲೆಗಳು. ಅವಳು ತಾಯಿಯನ್ನು ನೋಡಿದಳು. ನೋಡಿ ಕಣ್ಣು ತಗ್ಗಿಸಿದಳು. ಇಮಾಮರಿಗೆ ಕೊಟ್ಟಳು, ಸೀದಾತಿಗೆ ಕೊಟ್ಟಳು, ನೆಂಟರಿಗೆ ಒಬ್ಬೊಬ್ಬರಿಗೂ ಬಗ್ಗಿ ಕೊಟ್ಟಳು. ಯಾಗೂತಾಳ ಮುಂದೆ ಬಂದಾಗ ತಟ್ಟೆ ನಿಲ್ಲದೆ ದಾಟಿಹೋಯಿತು. ಬೇಕೆಂದು ಮಾಡಿದ್ದಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಅವಳ ಕೈಗೆ ಅಭ್ಯಾಸವಾಗಿತ್ತು. ಆಮೇಲೆ ಅವಳು ತುತುಳ ತಲೆಯ ಬಳಿ ಕೂತು ಬೀಸಣಿಗೆ ಎತ್ತಿಕೊಂಡು ನೊಣ ಓಡಿಸತೊಡಗಿದಳು.

ಕಾರಿನಲ್ಲಿ ಬರುವಾಗ ಯಾಗೂತಾಳ ಬಾಯಲ್ಲಿ ಸಿದ್ಧವಾಗಿದ್ದ ಮಾತು ಗಂಟಲಿಗೆ ಇಳಿಯಿತು.

ಸೀದಾತಿ ತಾಯಿಯ ಕಿವಿಯಲ್ಲಿ ಯಾಗೂತಾ ಬಂದಿದ್ದಾಳೆ ಎಂದ. ತುತು ಕಣ್ಣು ಬಿಟ್ಟಳು.

"ಬಂದ್ಯಾ? ನಿನ್ನನ್ನ ಮಗಳ ಹಾಗೆ ನೋಡ್ಕೊಂಡೆ. ಏನಾದ್ರೂ ತಪ್ಪಾಗಿದ್ರೆ ಮಾಫಿ ಮಾಡು."

ಎಲ್ಲರೂ ಯಾಗೂತಾಳ ಕಡೆ ತಿರುಗಿದರು. ಹೇಳಮ್ಮ ಎಂದರು ಇಮಾಮರು. ಯಾಗೂತಾ ಉಸಿರು ಎಳೆದುಕೊಂಡಳು, ಬಿಟ್ಟಳು.

"ಏನೇನು?" ಎಂದಳು.

"ಏನು ಅಂದ್ರೆ?"

"ಏನಾದ್ರೂ ಅಂದ್ರಲ್ಲ. ಏನೇನು ಅಂತ ನಿಮ್ಮ ಬಾಯಲ್ಲೇ ಹೇಳಿ. ನಾನು ಯಾವುದಕ್ಕೆ ಮಾಫಿ ಮಾಡ್ಬೇಕು?"

ಅದೆಲ್ಲ ಬೇಕಿಲ್ಲ, ಎಲ್ಲಕ್ಕೂ ಸೇರಿಸಿ ಒಂದೇ ಮಾತು ಹೇಳಿದರಾಯಿತು ಎಂದರು ಇಮಾಮರು. ನೆಂಟರು ತಲೆಯಾಡಿಸಿದರು. ತುತು ಏನನ್ನೋ ಹುಡುಕುವವಳಂತೆ ಮಗನ ಮುಖ ನೋಡಿದಳು. ನಿಜಕ್ಕೂ ಅವಳಿಗೆ ಏನೂ ನೆನಪಾಗುತ್ತಿಲ್ಲ ಎಂಬುದು ಯಾಗೂತಾಳಿಗೆ ಆ ಕ್ಷಣಕ್ಕೆ ತಿಳಿಯಿತು. ಇಷ್ಟು ವರ್ಷ ಅವಳ ನಿದ್ದೆ ತಿಂದದ್ದು ಈ ಹೆಂಗಸಿನ ತಲೆಯಲ್ಲಿ ಒಂದು ಗೀರಾಗಿಯೂ ಉಳಿದಿರಲಿಲ್ಲ.

ಹಾಗಾದರೆ ನಾನೇ ಹೇಳುತ್ತೇನೆ ಎಂದು ಅವಳು ಹೇಳತೊಡಗಿದಳು. ದನಿ ಏರಿಸಲಿಲ್ಲ. ಸೀದಾತಿ ಹುಟ್ಟಿದ ತಿಂಗಳಲ್ಲೇ ತನಗೂ ಒಂದು ಗಂಡು ಹುಟ್ಟಿತ್ತು ಎಂದಳು. ತುತುಳ ಮೊಲೆ ಬತ್ತಿತ್ತು. ಮೊದಲು ನನ್ನ ಮಗನಿಗೆ, ಮಿಕ್ಕಿದ್ದು ನಿನ್ನದಕ್ಕೆ ಎಂದು ಅಪ್ಪಣೆಯಾಯಿತು. ಸೀದಾತಿ ಚೆನ್ನಾಗಿ ಕುಡಿಯುವ ಮಗು. ಏನೂ ಮಿಗಲಿಲ್ಲ. ತನ್ನದು ಸಜ್ಜೆ ಹಿಟ್ಟಿನ ನೀರು ಚೀಪಿತು. ಹೊಟ್ಟೆ ಉಬ್ಬಿತು. ಏಳನೆಯ ದಿನ ಕುರಿ ಕಡಿದು ಹೆಸರಿಡಬೇಕು, ಅದನ್ನು ಕೇಳಿದಾಗ ಡೇರೆಯವರೆಲ್ಲ ನಕ್ಕರು. ಹೆಸರಿಲ್ಲದೆಯೇ ಸತ್ತಿತು.

"ಮುಳ್ಳುಗಿಡದ ಬುಡದಲ್ಲಿ ನಾನೇ ಅಗೆದು ಹೂತೆ. ಕೈಯ ಮಣ್ಣು ತೊಳೆಯೋಕೆ ಮುಂಚೆ ಇವನು ಅತ್ತ. ನೀವು ನನ್ನನ್ನ ಕೂಗಿದ್ರಿ. ನಾನು ಎದ್ದು ಬಂದೆ."

ಸೀದಾತಿ ನೆಲ ನೋಡುತ್ತಿದ್ದ. ಬೀಸಣಿಗೆ ನಿಂತಿತ್ತು. ತನಗೊಬ್ಬ ಅಣ್ಣನಿದ್ದ ಎಂಬುದನ್ನು ತಕ್ಬರಾ ಮೊದಲ ಸಲ ಕೇಳುತ್ತಿದ್ದಳು.

"ಅದು ದೇವರ ಇಚ್ಛೆ," ಎಂದಳು ನೆಂಟರಲ್ಲೊಬ್ಬಳು. "ನೀನು ಈ ಮನೆಗೆ ತಾಯಿ ಇದ್ದ ಹಾಗೆ. ಅದಕ್ಕೇ ಅಲ್ವಾ ಕಾರು ಕಳಿಸಿ ಕರೆಸಿದ್ದು."

ಯಾಗೂತಾ ಇಮಾಮರ ಕಡೆ ತಿರುಗಿದಳು.

"ಸೀದಾತಿ ನನ್ನ ಹಾಲು ಕುಡಿದ. ನಾನು ಇವನಿಗೆ ಏನಾಗ್ಬೇಕು?"

"ಹಾಲಿನ ತಾಯಿ. ಹೆತ್ತೋಳಷ್ಟೇ ಮರ್ಯಾದೆ."

"ನನ್ನ ಹೊಟ್ಟೇಲಿ ಹುಟ್ಟಿದ ಮಗಳು ಇವನಿಗೆ ಏನಾಗ್ಬೇಕು?"

"ತಂಗಿ," ಎಂದರು ಇಮಾಮರು, ಮಕ್ಕಳು ಪಾಠ ಒಪ್ಪಿಸಿದಷ್ಟು ಸಲೀಸಾಗಿ. "ಇವನು ಅವಳನ್ನ ಮದುವೆ ಆಗೋ ಹಾಗಿಲ್ಲ."

"ಮದುವೆ ಆಗೋ ಹಾಗಿಲ್ಲ. ಎಂಜಲು ತೊಳೆಸಬಹುದಾ?"

ಇಮಾಮರ ಬೆರಳಿನಲ್ಲಿ ಮಣಿ ಸರಿಯಲಿಲ್ಲ.

"ಅಣ್ಣ ಹಾಸಿಗೇಲಿ ಮಲಗಿ ತಂಗೀನ ಹೊಸ್ತಿಲಲ್ಲಿ ಮಲಗಿಸಬಹುದಾ? ಕೈ ಸುಡಬಹುದಾ? ಕಂಬಳಿ ಜೊತೆ ಕಟ್ಟಿ ಕಳಿಸಬಹುದಾ? ಕಿತಾಬಿನಲ್ಲಿ ಮದುವೇದು ಒಂದೇ ಬರೆದಿದ್ಯಾ, ಇದೆಲ್ಲ ಬರೆದಿಲ್ವಾ?"

ಕೊನೆಗೆ ಸೀದಾತಿಯೇ ಬಾಯಿ ಬಿಟ್ಟ.

"ಎಲ್ಲರ ಮನೇಲೂ ಹೀಗೇ ಇದೆ ಅಮ್ಮಾ."

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಅದು ಸಮಾಧಾನದ ಮಾತಾಗಿಯೇ ತೋರಿತ್ತು. ಯಾಗೂತಾ ಅವನನ್ನು ನೋಡಿದಳು. ತುಂಬು ಕೆನ್ನೆ, ಗಟ್ಟಿ ಮೂಳೆ. ತನ್ನ ಮೈಯಿಂದಲೇ ಹೋದದ್ದು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಪ್ರೀತಿಯೂ ಬರಲಿಲ್ಲ. ಬರಬೇಕಾಗಿದ್ದ ಪ್ರೀತಿಯನ್ನೂ ಇವರೇ ಹಾಳು ಮಾಡಿದ್ದರು.

ಹಾಸಿಗೆಯಿಂದ ಗೊರಗೊರ ಸದ್ದು ಬಂತು. ತುತು ಮೊಣಕೈ ಊರಿ ಏಳಲು ನೋಡುತ್ತಿದ್ದಳು. ಸಾಯುವವಳ ದೈನ್ಯ ಮುಖದಿಂದ ಹೋಗಿತ್ತು. ಯಾಗೂತಾಳಿಗೆ ಗುರುತಿದ್ದ ಹಳೆಯ ಮುಖ ಬಂದಿತ್ತು.

"ಇವಳಿಗೆ ಮಾತು ಕಲಿಸಿದೋರು ಯಾರು? ನನ್ನ ಡೇರೇಲಿ ಹುಟ್ಟಿದೋಳು ನೀನು. ನನ್ನ ಹಿಟ್ಟು ತಿಂದೋಳು. ಹೇಳು ಅಂದ್ರೆ ಹೇಳಬೇಕು. ಹೇಳೇ."

"ಹೇಳಲ್ಲ."

ಅಷ್ಟೇ ಅಂದಳು. ಜೀವಮಾನದಲ್ಲಿ ಆ ಮುಖಕ್ಕೆ ಅವಳು ಕೊಟ್ಟ ಮೊದಲ ಉತ್ತರ ಅದು. ಭೂಮಿ ಬಾಯಿ ಬಿಡಲಿಲ್ಲ. ಗೋಡೆಯ ಗಡಿಯಾರ ನಡೆಯುತ್ತಲೇ ಇತ್ತು. ಇಮಾಮರು ಏನೋ ಹೇಳಲು ಬಂದರು. ಅವಳು ಕೈ ಎತ್ತಿ ತಡೆದಳು. ಇದು ತನಗೂ ಈಕೆಗೂ ಸೇರಿದ್ದು, ಮೇಲೆ ಹೋಗಿ ಅಲ್ಲಿ ಕೇಳಿಕೊಳ್ಳಲಿ, ಅಲ್ಲಿಗೆ ತಾನೂ ಬರುತ್ತೇನೆ, ತನ್ನ ಮಗುವೂ ಬಂದಿರುತ್ತದೆ ಎಂದಳು.

ನೆಂಟರಲ್ಲಿ ಗದ್ದಲವೆದ್ದಿತು. ಸಾಯುವವಳ ಮುಂದೆ ಇಷ್ಟು ಕಲ್ಲುಮನಸ್ಸೇ ಎಂದರು. ಹೊರಗೆ ಹಾಕಿ ಎಂದರು. ಯಾಗೂತಾ ಆಗಲೇ ಎದ್ದಿದ್ದಳು. ಮಗಳ ಹತ್ತಿರ ಹೋಗಿ ನಿಂತಳು.

"ನಡಿ ತಕ್ಬರಾ."

ತಕ್ಬರಾ ಏಳಲಿಲ್ಲ. ತುತುಳ ಮುಖ ನೋಡಿದಳು, ಸೀದಾತಿಯ ಮುಖ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಒಡತಿಗೆ ಈಗ ಮಗ್ಗುಲು ಬದಲಿಸ್ಬೇಕು. ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ," ಎಂದಳು.

ಗೂಟದ ಏಟಿಗಿಂತ ಇದು ಜೋರಾಗಿ ಬಿತ್ತು. ಯಾಗೂತಾಳ ಕೈ ಮಗಳ ರಟ್ಟೆಗೆ ಹೋಯಿತು. ಹಿಡಿದು ಎಳೆದುಬಿಟ್ಟರೆ ಬರುತ್ತಾಳೆ. ಎಳೆದವರ ಹಿಂದೆ ಹೋಗುವುದು ಮಗಳಿಗೆ ಚೆನ್ನಾಗಿ ಬರುತ್ತದೆ. ಕೈಯನ್ನು ಅರ್ಧದಲ್ಲೇ ನಿಲ್ಲಿಸಿದಳು. ಹಿಂದಕ್ಕೆ ತಂದಳು. ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಬದಲಿಸೋಕೆ ಅವರ ಮಗ ಇದ್ದಾನೆ. ನಿನಗೆ ಬರ್ಬೇಕು ಅನ್ನಿಸಿದಾಗ ಬಾ. ನಾನು ಇಲ್ಲೇ ಕೂತಿರ್ತೀನಿ."

ಪೊಲೀಸರನ್ನು ಕರೆಯುತ್ತೇವೆ ಎಂದು ಒಬ್ಬ ಗಂಡಸು ಫೋನು ತೆಗೆದ. ಕರೆಯಿರಿ ಎಂದಳು ಯಾಗೂತಾ. ಬಂದವರು ಈ ಹುಡುಗಿ ಯಾರು, ಯಾಕೆ ಇಲ್ಲಿದ್ದಾಳೆ, ಶಾಲೆಗೆ ಯಾಕೆ ಹೋಗಲಿಲ್ಲ ಎಂದು ಕೇಳುತ್ತಾರೆ, ಉತ್ತರ ಯೋಚಿಸಿ ಇಟ್ಟುಕೊಳ್ಳಿ ಎಂದಳು. ಈಗ ತನಗೆ ಅಂಗಳದ ತುಂಬ ಹೆಂಗಸರಿದ್ದಾರೆ, ಅವರಲ್ಲೊಬ್ಬಳ ಬಾಯಿ ಊರಿಗೆಲ್ಲ ಕೇಳುತ್ತದೆ ಎಂದೂ ಹೇಳಿದಳು. ಸೀದಾತಿ ಆ ಗಂಡಸಿನ ಕೈಯಿಂದ ಫೋನು ತೆಗೆದು ಜೇಬಿಗೆ ಹಾಕಿಕೊಂಡ. ಅದು ಒಳ್ಳೆಯತನಕ್ಕೋ ಜೈಲಿನ ಹೆದರಿಕೆಗೋ ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿನ ಕೂಗು ಆಯಿತು. ಗಂಡಸರು ಎದ್ದು ಹೋಗಿ ಬಂದರು. ಯಾಗೂತಾ ಕೂತೇ ಇದ್ದಳು. ತುತು ಒಮ್ಮೆ ಬೈದಳು, ಒಮ್ಮೆ ಅತ್ತಳು, ಒಮ್ಮೆ ನೀರು ಕೇಳಿದಳು. ತಕ್ಬರಾ ಚಮಚದಿಂದ ನೀರು ಬಿಟ್ಟಳು. ಬಿಟ್ಟು ಬಾಯಿ ಒರೆಸಿದಳು. ಯಾಗೂತಾ ಬೇಡ ಎನ್ನಲಿಲ್ಲ.

ಹುಡುಗಿಯ ಕಣ್ಣು ಆಗಾಗ ಹಳದಿ ಬಟ್ಟೆಯ ಕಡೆ ಬಂದು ಹೋಗುತ್ತಿತ್ತು.

"ಅಲ್ಲಿ ಯಾರು ಯಾರು ಇದ್ದಾರೆ?" ಎಂದು ಕೇಳಿದಳು, ತುಟಿ ಅಲುಗದ ಹಾಗೆ.

"ಹೆಂಗಸರು. ಎಲ್ಲರೂ ಬಾಯಿಬಡುಕಿಯರು."

"ನಾನು ಯಾರ ಕೆಲಸ ಮಾಡ್ಬೇಕು?"

"ಗೊತ್ತಿಲ್ಲ ಮಗಾ. ಮೊದಲು ಮಲಗು. ಆಮೇಲೆ ನೋಡೋಣ," ಎಂದಳು ಯಾಗೂತಾ.

ಬಹಳ ಹೊತ್ತಿನ ಮೇಲೆ ತಕ್ಬರಾ ಬೀಸಣಿಗೆಯನ್ನು ನೆಲಕ್ಕಿಟ್ಟಳು. ಎಸೆಯಲಿಲ್ಲ, ಹಿಡಿ ಸರಿಯಾಗಿ ಕೈಗೆ ಸಿಗುವಂತೆ ಇಟ್ಟಳು. ಎದ್ದಳು. ನೊಣಗಳು ಬಂದು ತುತುಳ ಕಣ್ಣಿನ ತುದಿಗೆ ಕೂತವು. ಕೋಣೆಯಲ್ಲಿದ್ದವರೆಲ್ಲ ನೋಡಿದರು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಕೊನೆಗೆ ಸೀದಾತಿ ನಿಲುವಂಗಿಯ ತೋಳು ಮಡಿಚಿ ಬೀಸಣಿಗೆ ಎತ್ತಿಕೊಂಡ. ಅವನಿಗೆ ಬೀಸಲು ಬರುತ್ತಿರಲಿಲ್ಲ. ನೊಣ ಏಳುತ್ತಿರಲಿಲ್ಲ.

ಇಬ್ಬರೂ ಗೇಟು ದಾಟಿದರು. ಹಿಂದಿನಿಂದ ತುತು ಹೆಸರು ಹಿಡಿದು ಕೂಗುತ್ತಿರುವುದು ಬೀದಿಯವರೆಗೂ ಕೇಳಿಸಿತು. ಅವಳ ಜೀವ ಯಾವಾಗ ಹೋಯಿತೋ, ಹೇಗೆ ಹೋಯಿತೋ ಯಾಗೂತಾ ಮುಂದೆಂದೂ ಕೇಳಲಿಲ್ಲ.

ಬಿಸಿಲು ಇಳಿದಿತ್ತು. ಕತ್ತೆಗಾಡಿಗಳು ನೀರಿನ ಪೀಪಾಯಿ ಹೊತ್ತು ಹೋಗುತ್ತಿದ್ದವು. ಸ್ವಲ್ಪ ದೂರ ನಡೆದ ಮೇಲೆ ಯಾಗೂತಾ ಪಕ್ಕಕ್ಕೆ ನೋಡಿದಳು. ಮಗಳಿರಲಿಲ್ಲ. ತಿರುಗಿದಳು. ತಕ್ಬರಾ ಒಂದು ಮಾರು ಹಿಂದೆ ಬರುತ್ತಿದ್ದಳು, ತಲೆ ತಗ್ಗಿಸಿ, ಕೈ ಮುಂದೆ ಕಟ್ಟಿ. ತಾಯಿ ನಿಂತದ್ದು ಕಂಡು ಅವಳೂ ನಿಂತಳು.

ಪಕ್ಕಕ್ಕೆ ಬಾ ಎನ್ನಲು ಯಾಗೂತಾ ಬಾಯಿ ತೆರೆದಳು. ಅದೂ ಅಪ್ಪಣೆಯೇ ಆಗುತ್ತದೆ ಅನ್ನಿಸಿತು. ತಾನೇ ಹಿಂದಕ್ಕೆ ನಡೆದು ಮಗಳ ಪಕ್ಕ ನಿಂತಳು. ಇಬ್ಬರೂ ಹೊರಟರು. ನಾಲ್ಕು ಹೆಜ್ಜೆಗೆ ಹುಡುಗಿ ಮತ್ತೆ ಹಿಂದೆ ಬಿದ್ದಳು. ಯಾಗೂತಾ ಮತ್ತೆ ಹಿಂದಕ್ಕೆ ಬಂದಳು. ಮತ್ತೆ ಹೊರಟರು. ಮತ್ತೆ ಹಾಗೇ. ಗಾಡಿಯವನೊಬ್ಬ ದಾರಿ ತಪ್ಪಿತೇ ಎಂದು ಕೇಳಿ ಮುಂದೆ ಹೋದ. ಊರು ಅರ್ಧ ದಾಟುವಷ್ಟರಲ್ಲಿ ಯಾಗೂತಾಳ ಕಾಲು ಸೋತಿತು. ಮನೆ ಇನ್ನೂ ದೂರವಿತ್ತು.

"ಅವ್ವಾ, ಯಾಕೆ ಮತ್ತೆ ಮತ್ತೆ ಹಿಂದಕ್ಕೆ ಬರ್ತೀಯ?" ಎಂದಳು ತಕ್ಬರಾ.

"ನೀನು ಅಲ್ಲಿದ್ದೀಯಲ್ಲ," ಎಂದಳು ಯಾಗೂತಾ, ಮತ್ತೆ ಹಿಂದಕ್ಕೆ ಬರುತ್ತ.